ಕುಂದುವಾಡ ಕೆರೆಯ ದಂಡೆಯಲ್ಲಿ ಕೂಗಿದವನು

ದಾವಣಗೆರೆಯಲ್ಲಿ ನನಗೆ ಮೊದಲು ಸಿಕ್ಕ ಪರಿಚಯದವರು ಬಂಗುಡೆ ಮೀನುಗಳು. ಬಾಡಿಗೆ ಮನೆಗೆ ಸಾಮಾನು ತಂದ ಮರುದಿನ ಅಂಗಡಿ ಹುಡುಕಿಕೊಂಡು ಹೋದರೆ ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿದ್ದವು, ಕಣ್ಣು ಕೆಂಪಾಗಿ, ಹೊಟ್ಟೆ ಮೆತ್ತಗಾಗಿ. ಎಲ್ಲಿಯವು ಎಂದು ಕೇಳಿದೆ. "ಕಾರವಾರದ್ವು ಸಾರ್, ಫ್ರೆಶ್ ಅದಾವು" ಎಂದ ಅಂಗಡಿಯವನು. ಇಷ್ಟು ವರ್ಷ ಅದೇ ಕಾರವಾರದ ಬೈತಖೋಲ ಬಂದರಿನಲ್ಲಿ ನಾವು ಬುಟ್ಟಿಗಟ್ಟಲೆ ಇಳಿಸಿ ಲಾರಿಗೆ ಹಾಕಿದ ಮೀನು ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚಿಸಿದವನೇ ಅಲ್ಲ. ಈಗ ನೋಡಿದರೆ ಅವು ನನಗಿಂತ ಮೊದಲೇ ಇಲ್ಲಿಗೆ ಬಂದು, ಸೋತು ಬಿದ್ದಿವೆ. ಅರ್ಧ ಕಿಲೋ ಕೊಂಡು ಮನೆಗೆ ಬಂದೆ. ಸಾರು ಬಾಯಿಗಿಟ್ಟ ಮೇಲೆ ನಾನು, ಹೆಂಡತಿ, ಮಗಳು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನೀರಿನಿಂದ ತೆಗೆದ ಮೀನಿನ ಹಾಗೆ ಎಂದು ಜನ ಹೇಳುತ್ತಾರಲ್ಲ, ಅವರು ಮೀನನ್ನು ಸರಿಯಾಗಿ ನೋಡಿಲ್ಲ. ಮೀನು ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾಗುತ್ತದೆ. ನಾನು ವರ್ಷವಿಡೀ ಒದ್ದಾಡಿದೆ.

ಬಂದದ್ದು ಹೆಂಡತಿಯ ಹಿಂದೆ. ಸುನೀತಾ ನರ್ಸು. ಇಲ್ಲಿನ ಆಸ್ಪತ್ರೆಯಲ್ಲಿ ಅವಳಿಗೆ ಕಾಯಂ ಕೆಲಸ ಸಿಕ್ಕಿತು. ಮಗಳು ತನ್ವಿಗೆ ಹತ್ತು ವರ್ಷ, ಶಾಲೆ ಬದಲಾಯಿಸಲು ಸರಿಯಾದ ವಯಸ್ಸು ಎಂದು ಎಲ್ಲರೂ ಅಂದರು. ನನ್ನ ವಯಸ್ಸಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ನಾನು ಪಾಂಡು ಮಾಮನ ಬೋಟಿನಲ್ಲಿ, ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸಿನ್ ಬಲೆಯ ಬೋಟಿನಲ್ಲಿ, 'ಕಣ್ಣು' ಆಗಿದ್ದವನು. ನೀವು ಕೇಳುವವರು ನಮ್ಮ ಕಾರವಾರದವರೇ, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿಯವರಿಗೆ ಹೇಳಿ ಹೇಳಿ ನನಗೆ ಅಭ್ಯಾಸವಾಗಿಬಿಟ್ಟಿದೆ. ಬೋಟಿನ ಮುಂಭಾಗದಲ್ಲಿ ದುರ್ಬೀನು ಹಿಡಿದು ನಿಂತು ದೂರದಲ್ಲಿ ಕಡಲಹಕ್ಕಿ ಎಲ್ಲಿ ಎರಗುತ್ತಿದೆ ಎಂದು ನೋಡುವುದು ನನ್ನ ಕೆಲಸ. ಹಕ್ಕಿ ಎರಗುವಲ್ಲಿ ಮೀನಿನ ಹಿಂಡು ಇರುತ್ತದೆ. ಕಂಡ ತಕ್ಷಣ ಎದೆ ಬಿರಿಯುವಂತೆ ಕೂಗಬೇಕು, "ಆಯ್ಲೆಂ! ಆಯ್ಲೆಂ!" ಎಂದು. ಕೊಂಕಣಿಯಲ್ಲಿ ಬಂತು, ಬಂತು ಅಂತ ಅರ್ಥ. ಇಂಜಿನ್ ಸದ್ದಿನ ಮೇಲೆ ಆ ಕೂಗು ಹಿಂಬದಿಯವರಿಗೂ ಕೇಳಬೇಕು. ಅದಕ್ಕೆ ಪ್ರತಿಯಾಗಿ ನಮ್ಮ ಬೋಟಿನಲ್ಲಿ ಒಂದು ಪದ್ಧತಿ ಇತ್ತು. ಬಲೆ ಎಳೆದಾದ ಮೇಲೆ ಮೊದಲು ನೋಡಿದವನು ರಾಶಿಯಿಂದ ತನಗೆ ಬೇಕಾದ ಒಂದು ಮೀನು ಆರಿಸಿಕೊಳ್ಳಬಹುದು. ಬೋಟಿನ ಮಾಲೀಕನೂ ಅದಕ್ಕೆ ಎದುರಾಡುವಂತಿಲ್ಲ. ತನ್ವಿ ಅನ್ನ ತಿನ್ನಲು ಕಲಿತಾಗಿನಿಂದ ಅವಳ ತಾಟಿಗೆ ಬಿದ್ದದ್ದು ಆ ಮೀನು.

ದಾವಣಗೆರೆಯಲ್ಲಿ ಮನೆ ಹುಡುಕುವಾಗ ಈ ಮೀನೇ ಅಡ್ಡ ಬಂತು. ದೇವರಾಜ ಅರಸು ಬಡಾವಣೆಯಲ್ಲಿ ಒಳ್ಳೊಳ್ಳೆಯ ಮನೆ ನೋಡಿದೆವು. ನೀರು ಹೇಗೆ, ಕರೆಂಟು ಹೇಗೆ ಎಂದು ನಾವು ಕೇಳುವ ಮೊದಲೇ ಅವರು "ಊಟ ಹೆಂಗೆ?" ಎಂದು ಕೇಳುತ್ತಿದ್ದರು. ಸುಳ್ಳು ಹೇಳೋಣ ಎಂದರೆ ಸುನೀತಾ ಒಪ್ಪಲಿಲ್ಲ. ಕೊನೆಗೆ ವಿನೋಬನಗರದಲ್ಲಿ ಗಿರಿಜಮ್ಮನವರ ಮಹಡಿ ಸಿಕ್ಕಿತು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮನೆಮುಂದಿನ ಕಿರಾಣಿ ಅಂಗಡಿಯಲ್ಲಿ ಕೂತ ಹೆಂಗಸು. ನಾವೇ ಮುಂದಾಗಿ ಹೇಳಿದೆವು, ನಾವು ಮೀನು ತಿನ್ನುವವರು ಎಂದು. ಅವರು ತಕ್ಕಡಿಯಿಂದ ತಲೆ ಎತ್ತಲಿಲ್ಲ.

"ತಿನ್ರಿ. ನಿಮ್ ಬಾಯಿ, ನಿಮ್ ಹೊಟ್ಟಿ. ಆದ್ರ ಸೋಮವಾರ ಬ್ಯಾಡ, ನನ್ ಪೂಜಿ ಇರ್ತೈತೆ. ಉಳಿದ ದಿನ ಕಿಟಕಿ ರಸ್ತೆ ಕಡಿಗೆ ತಗೀರಿ, ವಾಸ್ನಿ ರಸ್ತೆದವ್ರಿಗೆ ಹೋಗ್ಲಿ" ಎಂದರು.

ಹೀಗೆ ನಮ್ಮ ಸಂಸಾರ ನೆಲೆಯೂರಿತು. ನನಗೆ ಪಕ್ಕದ ಹರಿಹರದಲ್ಲಿ ಪಂಪ್‌ಸೆಟ್ಟು, ಟ್ರ್ಯಾಕ್ಟರ್ ರಿಪೇರಿಯ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಡೀಸೆಲ್ ಇಂಜಿನ್ ಎಲ್ಲಿದ್ದರೂ ಡೀಸೆಲ್ ಇಂಜಿನ್ನೇ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನಡುವೆ ಭದ್ರಾ ಕಾಲುವೆಯ ನೀರು ನಿಂತ ಗದ್ದೆಗಳು. ನಾಟಿಗೆ ಮುಂಚೆ ಅವುಗಳ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಒಮ್ಮೆಲೇ ಎದೆ ಹಾರುತ್ತದೆ. ಕಡಲು! ಅಷ್ಟರಲ್ಲಿ ನೀರಿನ ನಡುವೆ ಒಬ್ಬ ಟ್ರ್ಯಾಕ್ಟರ್ ಓಡಿಸಿಕೊಂಡು ಬರುತ್ತಾನೆ. ಆಗ ಆಗುವ ನಿರಾಶೆಯನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೇ ಹೇಳುತ್ತಿರುವುದು.

ಅಲ್ಲಿ ಬೆಳಗಾದರೆ ಗಾಳಿಗೆ ಉಪ್ಪಿನ ವಾಸನೆ, ಇಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ. ಮಂಡಕ್ಕಿ ಎಂದರೆ ನಮ್ಮ ಚುರುಮುರಿಯೇ. ಮರಳು ಕಾಯಿಸಿ ಅದರಲ್ಲಿ ಅಕ್ಕಿ ಹುರಿದು ಅರಳಿಸುವ ಒಲೆಗಳು ಇಲ್ಲಿ ಬೀದಿಗಟ್ಟಲೆ ಇವೆ. ಈ ಊರಿನವರು ಮಂಡಕ್ಕಿಯನ್ನು ಬೆಳಿಗ್ಗೆ ತಿನ್ನುತ್ತಾರೆ, ಸಂಜೆ ಮೆಣಸಿನಕಾಯಿ ಬಜ್ಜಿಯ ಜೊತೆ ತಿನ್ನುತ್ತಾರೆ, ನೆಂಟರು ಬಂದರೆ ತಿನ್ನಿಸುತ್ತಾರೆ, ನೆಂಟರು ಹೋದ ಮೇಲೆ ಉಳಿದದ್ದನ್ನೂ ಬಿಡುವುದಿಲ್ಲ. ಮೊದಮೊದಲು ನನಗೆ ಗಾಳಿ ತಿಂದ ಹಾಗೆ ಅನಿಸುತ್ತಿತ್ತು. ಭಾಷೆಯೂ ಅಷ್ಟೇ. ಮನೆಯಲ್ಲಿ ನಮ್ಮದು ಕೊಂಕಣಿ, ಹೊರಗೆ ನಾನು ಆಡುವ ಕನ್ನಡ ಇವರಿಗೆ ಪಾಠ ಒಪ್ಪಿಸಿದ ಹಾಗೆ ಕೇಳುತ್ತದಂತೆ. "ನಮ್ ಕೂಡ ಜಗಳಾಡ್ರಿ ನೀವು, ಭಾಷೆ ತಾನ ಬರ್ತೈತೆ" ಎಂದರು ಗಿರಿಜಮ್ಮ. ತನ್ವಿ ಅದನ್ನು ಬೇಗ ಕಲಿತಳು. ಪ್ರೀತಿಯಿಂದ ಇದ್ದಾಗ ಕೊಂಕಣಿ, ಸಿಟ್ಟು ಬಂದಾಗ ದಾವಣಗೆರೆ ಕನ್ನಡ. ಆ ವರ್ಷ ನಾನು ಅವಳ ಬಾಯಲ್ಲಿ ಕೊಂಕಣಿಗಿಂತ ಕನ್ನಡವನ್ನೇ ಹೆಚ್ಚು ಕೇಳಿದೆ.

ಯಾಕೆಂದರೆ ನಾನು ಮನೆಯಲ್ಲಿ ಇರಲಾರದವನಾಗಿದ್ದೆ. ಕೂತರೆ ಏಳುತ್ತಿದ್ದೆ, ಎದ್ದರೆ ತಾರಸಿಗೆ ಹೋಗುತ್ತಿದ್ದೆ, ತಾರಸಿಯಲ್ಲಿ ಗಾಳಿ ಯಾವ ದಿಕ್ಕಿನದು ಎಂದು ನೋಡುತ್ತಿದ್ದೆ. ಗಾಳಿ ಯಾವ ದಿಕ್ಕಿನದಾದರೆ ವಿನೋಬನಗರಕ್ಕೇನು? ರಜೆಯ ದಿನ ಸುಮ್ಮನೆ ಬಸ್ಸು ಹತ್ತಿ ಆವರಗೆರೆಯವರೆಗೆ ಹೋಗಿ ಟೀ ಕುಡಿದು ತಿರುಗಿ ಬರುತ್ತಿದ್ದೆ. "ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯ, ಬಿಚ್ಚಿ ಬಾಗಿಲ ಹತ್ತಿರ ಇಟ್ಟು ಒಳಗೆ ಬಾ" ಎನ್ನುತ್ತಿದ್ದಳು ಸುನೀತಾ.

ಹೀಗಿರುವಾಗ ಚಳಿಗಾಲದಲ್ಲಿ ಶಾಲೆಯ ಟೀಚರು ಮಕ್ಕಳನ್ನು ಕುಂದುವಾಡ ಕೆರೆಗೆ ಹಕ್ಕಿ ತೋರಿಸಲು ಕರೆದುಕೊಂಡು ಹೋದರು. ತನ್ವಿ ಸಂಜೆ ಬಂದವಳೇ ಟ್ರಂಕು ತೆಗೆದು ನನ್ನ ದುರ್ಬೀನು ಹೊರಗೆಳೆದಳು. ಅದರ ಪಟ್ಟಿಯಲ್ಲಿ ಇನ್ನೂ ಉಪ್ಪು ಅಂಟಿತ್ತು. ಭಾನುವಾರ ಎಲ್ಲರೂ ಹೋಗೋಣ ಎಂದು ಹಟ ಹಿಡಿದಳು. ಹಕ್ಕಿಯನ್ನು ಮೀನಿಗಲ್ಲದೆ ಬೇರೆ ಯಾವುದಕ್ಕೆ ನೋಡುತ್ತಾರೆ ಎಂದು ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮಗಳು ಕರೆದಳಲ್ಲ, ಹೊರಟೆ.

ನಾವು ಮೂವರು ಎಂದುಕೊಂಡಿದ್ದೆವು. ಆಟೋ ಹತ್ತುವಾಗ ಗಿರಿಜಮ್ಮನೂ ಒಂದು ಚೀಲ ಹಿಡಿದು ತಯಾರಾಗಿ ನಿಂತಿದ್ದರು. ಅದರ ತುಂಬ ಮಂಡಕ್ಕಿ. ಇಷ್ಟೊಂದು ಯಾಕೆ ಎಂದೆ. "ನೋಡಾಕ ಹೋಗೋರು ಬರಿಗೈಲಿ ಹೋಗ್ತಾರೇನ್ರಿ? ಬಾಣಂತಿ ನೋಡಾಕ ಹೋದ್ರೂ ಒಂದ್ ಬ್ರೆಡ್ಡಾದ್ರೂ ಒಯ್ಯಲ್ವಾ? ಹಕ್ಕಿ ಅಂದ್ರ ಅಷ್ಟ್ ಸಸಾರನಾ?" ಎಂದರು.

ಕೆರೆಯ ಏರಿ ಮೇಲೆ ವಾಕಿಂಗಿನವರು ಬಿರಬಿರನೆ ನಡೆಯುತ್ತಿದ್ದರು. ತನ್ವಿ ನಮ್ಮನ್ನು ಜಾಲಿಗಿಡದ ಮರೆಗೆ ಕೂರಿಸಿ, ಮಾತಾಡಬಾರದು, ಕೈ ಆಡಿಸಬಾರದು, ಮೂಗಿನ ಮೇಲೆ ನೊಣ ಕೂತರೂ ಓಡಿಸಬಾರದು ಎಂದು ಆಜ್ಞೆ ಮಾಡಿದಳು. ಮಂಡಕ್ಕಿ ಚೆಲ್ಲುವುದಕ್ಕೂ ಕಡಾಖಂಡಿತ ನಿಷೇಧ. ಗಿರಿಜಮ್ಮ ಮುಖ ಊದಿಸಿಕೊಂಡು ತಾವೇ ತಿನ್ನತೊಡಗಿದರು. ಆಸ್ಪತ್ರೆಯ ಕೆಲಸದಿಂದ ಬಳಲಿದ್ದ ಸುನೀತಾ ಗಿಡಕ್ಕೆ ಒರಗಿ ನಿದ್ದೆಹೋದಳು. ಪ್ರಕೃತಿಯ ಮಡಿಲಲ್ಲಿ ನೆಮ್ಮದಿ ಎನ್ನುವುದು ಅವಳಿಗೆ ಸಿಕ್ಕಷ್ಟು ಸುಲಭವಾಗಿ ನಮ್ಮಲ್ಲಿ ಯಾರಿಗೂ ಸಿಗಲಿಲ್ಲ.

ನೀರಿನ ಮೇಲೆ ಗುಳುಮುಳುಕಗಳು ಮುಳುಗಿ ಏಳುತ್ತಿದ್ದವು. ಆಚೆ ದಡದಲ್ಲಿ ಬಣ್ಣದ ಕೊಕ್ಕರೆಗಳು ಗಂಭೀರವಾಗಿ ನಿಂತಿದ್ದವು. ತನ್ವಿ ಉಸಿರು ಬಿಗಿಹಿಡಿದು ದುರ್ಬೀನಿನಲ್ಲಿ ಕಣ್ಣಿಟ್ಟಿದ್ದಳು. ಆಗ ಬಲಗಡೆಯಿಂದ ಬಿಳಿ ರೆಕ್ಕೆಯ ಹಕ್ಕಿಗಳ ಒಂದು ಗುಂಪು ಬಂತು. ಕವಲು ಬಾಲ. ನೀರಿನ ಮೇಲೆ ತೇಲಿ, ತಲೆ ತಗ್ಗಿಸಿ, ಒಂದು ಎರಗಿತು. ಇನ್ನೊಂದು ಎರಗಿತು.

ನಾನು ಎದ್ದು ನಿಂತದ್ದು ನನಗೆ ಗೊತ್ತಿಲ್ಲ. "ಆಯ್ಲೆಂ! ಆಯ್ಲೆಂ!" ಎಂದು ಕೂಗಿದ್ದೆ, ಇಂಜಿನ್ ಸದ್ದಿನ ಮೇಲೆ ಕೇಳುವ ಹಾಗೆ. ಆದರೆ ಅಲ್ಲಿ ಇಂಜಿನ್ ಇರಲಿಲ್ಲ. ಕೊಕ್ಕರೆ, ಬಾತು, ಬೆಳ್ಳಕ್ಕಿ, ಇಡೀ ಕೆರೆಯೇ ಎದ್ದು ಹಾರಿತು. ಏರಿ ಮೇಲಿನ ವಾಕಿಂಗಿನವರು ನಿಂತುಬಿಟ್ಟರು. ಸುನೀತಾ ಎದ್ದು "ಯಾವ ವಾರ್ಡು?" ಎಂದಳು. ಗಿರಿಜಮ್ಮನ ಕೈಯಿಂದ ಮಂಡಕ್ಕಿ ಚೆಲ್ಲಿತು.

"ಎಲ್ಲಾ ಹಾಳ್ ಮಾಡಿದೆಲ್ಲಪ್ಪಾ! ಇನ್ ನೀ ಬರಾದೇ ಬ್ಯಾಡ!" ತನ್ವಿ ಕನ್ನಡದಲ್ಲಿ ಕಿರುಚಿದಳು. ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಅವಮಾನವಾಯಿತು. ಅಲ್ಲಿ ಇದೇ ಕೂಗಿಗೆ ಬೋಟಿನವರೆಲ್ಲ ಬೆನ್ನು ತಟ್ಟುತ್ತಿದ್ದರು. ಇಲ್ಲಿ ನನ್ನ ಮಗಳು ನನ್ನನ್ನು ಹುಚ್ಚನ ಹಾಗೆ ನೋಡಿದಳು.

ಆಮೇಲೆ ಕೆಲವು ಭಾನುವಾರ ನನ್ನನ್ನು ಬಿಟ್ಟೇ ಹೋದರು. ನಾನು ಮನೆಯಲ್ಲಿ ಕೂತು ಫ್ಯಾನು ಬಿಚ್ಚಿ ಮತ್ತೆ ಜೋಡಿಸಿದೆ. ಕೊನೆಗೆ ನನ್ನ ಪರವಾಗಿ ವಕಾಲತ್ತು ವಹಿಸಿದವರು ಗಿರಿಜಮ್ಮ. "ನಿಮ್ಮಪ್ಪನ್ ಬಾಯಾಗ ಒಂದ್ ಮುಷ್ಟಿ ಮಂಡಕ್ಕಿ ತುಂಬಿ ಕೂಡ್ಸು. ತುಂಬಿದ್ ಬಾಯಿ ಕೂಗಂಗಿಲ್ಲ" ಎಂದು ತನ್ವಿಗೆ ಉಪಾಯ ಹೇಳಿಕೊಟ್ಟರು. ನಗಬೇಡಿ. ಆ ಷರತ್ತಿನ ಮೇಲೆಯೇ ನನ್ನನ್ನು ಮತ್ತೆ ಸೇರಿಸಿಕೊಂಡದ್ದು. ಕೆರೆ ದಂಡೆಗೆ ಹೋದ ಕೂಡಲೇ ಮಗಳು ಕೈ ಚಾಚುತ್ತಿದ್ದಳು, ನಾನು ಬಾಯಿ ತೆರೆಯುತ್ತಿದ್ದೆ.

ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡು ಕೂತರೆ ಮೊದಲು ಕುರುಕುರು ಸದ್ದು. ಅದು ನೆನೆದು ಮೆತ್ತಗಾದ ಮೇಲೆ ಏನೂ ಇಲ್ಲ. ಹಾಗೆ ಕೂತ ಒಂದು ಬೆಳಿಗ್ಗೆ ವಿಚಿತ್ರವಾಯಿತು. ನೀವು ಬೋಟಿನವರಾದರೆ ನಿಮಗೆ ಗೊತ್ತು, ದಡಕ್ಕೆ ಬಂದರೂ ಕಿವಿಯಲ್ಲಿ ಇಂಜಿನ್ ಓಡುತ್ತಲೇ ಇರುತ್ತದೆ. ಮಲಗಿದಾಗಲೂ, ಮದುವೆಮನೆಯಲ್ಲೂ, ದಾವಣಗೆರೆಗೆ ಬಂದು ಇಷ್ಟು ದಿನವಾದರೂ. ಆ ಬೆಳಿಗ್ಗೆ ಎದುರಿನ ಕಲ್ಲಿನ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ಅದು ನೀರು ನೋಡುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ. ಇಂಜಿನ್ ನಿಂತುಹೋಯಿತು. ಯಾವಾಗ ನಿಂತಿತೋ ತಿಳಿಯಲಿಲ್ಲ. ಕೆರೆಯ ನೀರು ಕಲ್ಲಿಗೆ ತಾಗುವ ಸಣ್ಣ ಸದ್ದು, ಮಗಳ ಉಸಿರು, ಸುನೀತಾಳ ಗೊರಕೆ. ಅಷ್ಟೇ ಇದ್ದದ್ದು. ಹೆದರಿಕೆಯೂ ಆಯಿತು, ಸುಖವೂ ಆಯಿತು. ಮಿಂಚುಳ್ಳಿ ಹಾರಿತು, ಇಂಜಿನ್ ಮತ್ತೆ ಶುರುವಾಯಿತು. ಸೋಮವಾರ ನಾನು ಮತ್ತೆ ತಾರಸಿಯಲ್ಲಿ ಗಾಳಿ ನೋಡುತ್ತಿದ್ದೆ. ಆದರೆ ಅದು ನಿಲ್ಲಬಹುದು ಎಂದು ಗೊತ್ತಾಗಿತ್ತು.

ಬೇಸಿಗೆಯಲ್ಲಿ ಪಾಂಡು ಮಾಮನ ಫೋನು ಬಂತು. ನನ್ನ ಜಾಗದಲ್ಲಿ ನಿಂತವನಿಗೆ ಮೋಡದ ನೆರಳೂ ಮೀನಿನ ಹಿಂಡೂ ಒಂದೇ ಆಗಿ ಕಾಣುತ್ತದಂತೆ. "ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಆಗಸ್ಟಿನಲ್ಲಿ ಬೋಟು ಇಳಿಯುವಾಗ ನೀನು ಇರಬೇಕು. ಆಗುತ್ತದೋ ಇಲ್ಲವೋ ಈಗಲೇ ಹೇಳು, ಇಲ್ಲವಾದರೆ ಜಾಗ ಬೇರೆಯವನಿಗೆ, ಮತ್ತೆ ಕರೆಯುವುದಿಲ್ಲ" ಎಂದ. ಹೂಂ ಎನ್ನಲು ನಾಲಗೆ ತುದಿಯಲ್ಲೇ ಇತ್ತು. ಹೋದರೆ ವರ್ಷದಲ್ಲಿ ಬಂದ್ ಇದ್ದಷ್ಟು ದಿನ ಮಾತ್ರ ನಾನು ಇಲ್ಲಿಗೆ. ಉಳಿದಂತೆ ಫೋನಿನ ಅಪ್ಪ.

ಸುನೀತಾ ಜಗಳ ಮಾಡಲಿಲ್ಲ. ಬಟ್ಟೆ ಮಡಿಸುತ್ತಾ ಹೇಳಿದಳು, "ನೀನು ಇಲ್ಲಿ ಒಣಗುತ್ತಿರುವುದು ನನಗೆ ಕಾಣುವುದಿಲ್ಲವೇ? ಹೋಗುವುದಾದರೆ ಹೋಗು, ನಾನು ತಡೆಯುವುದಿಲ್ಲ. ಆದರೆ ತನ್ವಿಗೆ ನೀನೇ ಹೇಳಬೇಕು. ನನ್ನ ಕೈಯಲ್ಲಿ ಹೇಳಿಸಬೇಡ."

ಹೇಳಲು ಹರಿಹರವೇ ಸರಿ ಎಂದುಕೊಂಡೆ. ತುಂಗಭದ್ರೆಯ ದಂಡೆಯಲ್ಲಾದರೆ ನನಗೂ ಧೈರ್ಯ ಬರುತ್ತದೆ, ನೀರು ಹರಿಯುತ್ತಿರುತ್ತದಲ್ಲ. ಮಳೆ ಇನ್ನೂ ಹಿಡಿದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಗಿರಿಜಮ್ಮನೂ ಬಂದರು, ಆದರೆ ಬಸ್ಸಿಳಿದವರೇ ಹರಿಹರೇಶ್ವರನ ಗುಡಿಯತ್ತ ತಿರುಗಿದರು. ಹೋಗುವಾಗ ನನ್ನ ಕೈಗೆ ಮಂಡಕ್ಕಿಯ ಪೊಟ್ಟಣ ಕೊಟ್ಟು, "ಇವತ್ತು ಬಾಯಿ ತುಂಬ್ಕಬ್ಯಾಡ್ರಿ. ಮಾತಾಡೋದೈತಲ್ಲ, ಮಾತಾಡ್ರಿ" ಎಂದರು. ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಸುನೀತಾಳ ಮುಖ ನೋಡಿದೆ. ಅವಳು ಹೊಳೆಯ ಕಡೆ ನೋಡಿದಳು.

ಹೊಳೆ ಸೊರಗಿತ್ತು. ನಡುವೆ ಮರಳಿನ ದಿಬ್ಬ, ಬಂಡೆ, ಬಂಡೆಗಳ ನಡುವೆ ಹಸಿರು ನೀರು. ದೂರದ ಸೇತುವೆ ಮೇಲೆ ಲಾರಿಗಳ ಸಾಲು. ನಾವು ಒಂದು ಬಂಡೆಯ ನೆರಳಲ್ಲಿ ಕೂತೆವು. ದುರ್ಬೀನು ತನ್ವಿಯ ಕೊರಳಲ್ಲಿತ್ತು. ನಾನು ಪೊಟ್ಟಣ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡೆ. "ತನ್ವೀ, ಪಾಂಡು ಅಜ್ಜ ಫೋನ್ ಮಾಡಿದ್ದ" ಎಂದು ಕೊಂಕಣಿಯಲ್ಲಿ ಶುರುಮಾಡಿದೆ.

ಅವಳು ನನ್ನ ಕಡೆ ತಿರುಗಲಿಲ್ಲ. ದುರ್ಬೀನು ಏರಿಸಿ ಸೇತುವೆಯ ಕಡೆಗೇ ನೋಡುತ್ತಿದ್ದಳು. ನಾನೂ ನೋಡಿದೆ. ನದಿ ರೀವಗಳು, ಅಂದು ಕೆರೆಯಲ್ಲಿ ನನ್ನ ಮಾನ ತೆಗೆದ ಅದೇ ಕವಲು ಬಾಲದ ಹಕ್ಕಿಗಳು, ಹೊಳೆಯ ಜಾಡು ಹಿಡಿದು ಬರುತ್ತಿದ್ದವು. ಮರಿಗಳೂ ಇದ್ದವು. ಒಂದು ಎರಗಿತು. ನನ್ನ ಎದೆಯಿಂದ ಕೂಗು ಗಂಟಲಿಗೆ ಬಂತು. ಹಲ್ಲು ಕಚ್ಚಿದೆ. ಮಗಳ ಹಕ್ಕಿ, ಹಾಳು ಮಾಡಬಾರದು.

ತನ್ವಿ ಎದ್ದು ನಿಂತಳು. ಕಾಲು ಅಗಲಿಸಿ, ಬೋಟಿನ ಮುಂಭಾಗದಲ್ಲಿ ನಿಲ್ಲುವ ಹಾಗೆ.

"ಆಯ್ಲೆಂ! ಆಯ್ಲೆಂ!"

ಬಂಡೆಗೆ ಬಡಿದು ಮಾರ್ದನಿಸಿತು. ಮರಳಿನ ದಿಬ್ಬದಿಂದ ಬೆಳ್ಳಕ್ಕಿಗಳೆಲ್ಲ ಎದ್ದವು. ರೀವಗಳು ಕಿರುಚುತ್ತಾ ಮೇಲೇರಿದವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಹಕ್ಕಿ ಓಡಿಸಬಾರದು ಎಂದು ನಮಗೆ ಉಸಿರು ಬಿಡಲೂ ಕೊಡದಿದ್ದ ಹುಡುಗಿ, ತಾನೇ ಓಡಿಸಿ ಕೆಂಪಗಾಗಿ ನಿಂತಿದ್ದಳು.

"ಮೊದಲು ನೋಡಿದ್ದು ನಾನು" ಎಂದಳು ಕೊಂಕಣಿಯಲ್ಲಿ. "ಆರಿಸಿಕೊಳ್ಳುವುದು ನಾನು. ನೀನು ಎದುರಾಡುವ ಹಾಗಿಲ್ಲ."

"ಇಲ್ಲ" ಎಂದೆ. "ಏನು ಬೇಕು?"

ಹೋಗಬೇಡ ಎನ್ನುತ್ತಾಳೆ ಎಂದುಕೊಂಡೆ. ಅದಕ್ಕೆ ನನ್ನಲ್ಲಿ ಉತ್ತರ ತಯಾರಿತ್ತು. ಕೆಲಸ, ಸಂಸಾರ, ರಜೆಯಲ್ಲಿ ನೀನೇ ಬರಬಹುದು, ಎಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವಳು ದುರ್ಬೀನನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಳು. ಮಾತು ಕನ್ನಡಕ್ಕೆ ಹೊರಳಿತು.

"ಇದು. ನೀ ಹೋಗದಾದ್ರೆ ಹೋಗು, ನಂಗೆಲ್ಲಾ ಗೊತ್ತೈತೆ. ಇದು ಮಾತ್ರ ಇಲ್ಲೇ ಇರ್ತೈತೆ."

ಕಾರವಾರದಲ್ಲಿ ಬೇರೆ ದುರ್ಬೀನು ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ. ಆದರೆ ಹೋದೆನೆಂದರೆ ಬೋಟಿನ ಮುಂದೆ ನಿಂತು ಹಕ್ಕಿ ಹುಡುಕುವಾಗಲೆಲ್ಲ, ಹಳೆಯ ದುರ್ಬೀನು ಒಂದು ಕೆರೆಯ ದಂಡೆಯಲ್ಲಿ ಯಾರ ಕೊರಳಲ್ಲಿ ತೂಗುತ್ತಿದೆ ಎಂದೇ ನೋಡುತ್ತಿರುತ್ತೇನೆ. ಅಂಥ ಕಣ್ಣು ಯಾವ ಬೋಟಿಗೂ ಪ್ರಯೋಜನವಿಲ್ಲ. ನಾನು ಅಳುವವನಲ್ಲ, ಆದರೆ ಅವತ್ತು ಅತ್ತೆ. ಸುನೀತಾ ಪೊಟ್ಟಣ ಬಿಚ್ಚಿ ಮೂವರಿಗೂ ಹಂಚಿದಳು.

ಗುಡಿಯಿಂದ ಬಂದ ಗಿರಿಜಮ್ಮ ನಮ್ಮ ಮುಖ ನೋಡಿದರು. ಪ್ರಸಾದ ಕೊಟ್ಟು, "ಹಕ್ಕಿ ಕಂಡ್ವಾ?" ಎಂದಷ್ಟೇ ಕೇಳಿದರು.

"ಎಲ್ಲಾ ಹಾರಿ ಹೋದ್ವು ಅಜ್ಜಿ" ಎಂದಳು ತನ್ವಿ.

ಸಂಜೆ ಪಾಂಡು ಮಾಮನಿಗೆ ಫೋನು ಮಾಡಿದೆ. "ಕಣ್ಣು ಕೊಟ್ಟುಬಿಟ್ಟೆ ಮಾಮಾ" ಎಂದೆ.

"ಯಾರಿಗೆ?"

"ಮಗಳಿಗೆ. ಮೊದಲು ನೋಡಿದ್ದು ಅವಳು."

"ಹಾಗಾದರೆ ಮುಗಿಯಿತು. ಆರಿಸಿಕೊಂಡ ಮೀನನ್ನು ವಾಪಸ್ ಕೇಳುವ ಹಾಗಿಲ್ಲ" ಎಂದು ಫೋನು ಇಟ್ಟ. ಅವನಿಗೆ ಸಿಟ್ಟು ಬಂದಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

ಇದರಿಂದ ನಾನು ದಾವಣಗೆರೆಯವನಾಗಿಬಿಟ್ಟೆ ಎಂದುಕೊಳ್ಳಬೇಡಿ. ಕಾಲಿನ ಚಕ್ರ ಹಾಗೇ ಇದೆ. ತಾರಸಿಗೆ ಹೋಗುತ್ತೇನೆ, ಗಾಳಿ ನೋಡುತ್ತೇನೆ. ಗದ್ದೆಯ ನೀರಿಗೆ ಈಗಲೂ ಮೋಸಹೋಗುತ್ತೇನೆ. ಬೋಟು ಇಳಿಯುವ ದಿನ ಬಂದರಿನಿಂದ ಯಾರೋ ವಿಡಿಯೋ ಕಳಿಸಿದರು. ಬಣ್ಣದ ಬಾವುಟ ಕಟ್ಟಿಕೊಂಡ ಬೋಟುಗಳು ಸಾಲಾಗಿ ಹೊರಟಿದ್ದವು. ಪಾಂಡು ಮಾಮನ ಬೋಟಿನ ಮುಂಭಾಗದಲ್ಲಿ ಯಾರೋ ನಿಂತಿದ್ದ. ಅವನು ನಿಂತ ರೀತಿ ಸರಿಯಿರಲಿಲ್ಲ. ನಾನು ಫೋನಿಗೇ ಬೈದೆ.

ಅದರ ಮುಂದಿನ ಭಾನುವಾರ ಕೆರೆಗೆ ಹೋದಾಗ ಸಣ್ಣ ಮಳೆ ಬಂದು ನಿಂತಿತ್ತು. ತನ್ವಿ ಎಂದಿನಂತೆ ನನ್ನ ಬಾಯಿಗೆ ಮಂಡಕ್ಕಿ ತುಂಬಿದಳು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ದುರ್ಬೀನು ಕೊರಳಿಂದ ತೆಗೆದು ನನ್ನ ಕೈಗಿಟ್ಟಳು. ನಾನು ಕೆರೆಯ ಕಡೆ ಹಿಡಿಯಲಿಲ್ಲ. ಪಶ್ಚಿಮಕ್ಕೆ, ಕಡಲಿನ ದಿಕ್ಕಿಗೆ ತಿರುಗಿಸಿದೆ. ಹರಿಹರದ ಮೇಲೆ ಕಪ್ಪು ಮೋಡ, ಅದರಾಚೆ ಮಸುಕು. ನೋಡುತ್ತಲೇ ಇದ್ದೆ.

"ಅಲ್ಲೇನೂ ಇಲ್ಲಪ್ಪಾ" ಎಂದಳು ಮೆಲ್ಲಗೆ, ಕೊಂಕಣಿಯಲ್ಲಿ.

ಬಾಯಿ ತುಂಬ ಮಂಡಕ್ಕಿ ಇತ್ತು.